ಪುಟ್ಟನ ಒಪ್ಪತ್ತು

ಸಿದ್ಧಾರ್ಥನಗರದ ನಮ್ಮ ಮನೆಯ ನಾಯಿ ಪುಟ್ಟನ ತೂಕ ಜೂನ್ ಎರಡನೇ ತಾರೀಖಿನಂದು ಮೂವತ್ತೆಂಟು ಕೆ.ಜಿ. ಇತ್ತು. ನಾನು ಬಿ.ಎಸ್ಸಿ.ಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದವಳಾದ್ದರಿಂದ ಅಂದಾಜಿನ ಮೇಲೆ ಏನನ್ನೂ ಬರೆಯುವುದಿಲ್ಲ.

ಪಶುವೈದ್ಯರಾದ ವಿಜಯ್‌ಕುಮಾರ್ ಅದನ್ನು ಮೂವತ್ತಕ್ಕೆ ಇಳಿಸಬೇಕೆಂದರು. "ಇಲ್ದಿದ್ರೆ ಹಿಂಗಾಲು ಸೋತುಹೋಗುತ್ತೆ ಮೇಡಂ, ಆಮೇಲೆ ಮೆಟ್ಟಿಲು ಹತ್ತಕ್ಕಾಗಲ್ಲ. ರಾತ್ರಿ ಊಟ ನಿಲ್ಲಿಸಿ." ಪುಟ್ಟ ಮಲಗುವುದು ಮಹಡಿಯ ಮೇಲೆ, ನಮ್ಮ ಯಜಮಾನರಾದ ದೇವಯ್ಯನವರ ಮಂಚದ ಪಕ್ಕ. ಬೇರೆಲ್ಲೂ ಅವನಿಗೆ ನಿದ್ದೆ ಬರುವುದಿಲ್ಲ. ಅವನಿಲ್ಲದೆ ಇವರಿಗೂ ಬರುವುದಿಲ್ಲ.

ಅಂದೇ ಫ್ರಿಜ್ಜಿನ ಬಾಗಿಲಿಗೆ ಪ್ರಕಟಣೆ ಅಂಟಿಸಿದೆ: "ಮನೆಯ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಪುಟ್ಟನಿಗೆ ಒಪ್ಪತ್ತು. ರಾತ್ರಿ ಒಂದು ಅಗುಳು ಅನ್ನವನ್ನೂ ಹಾಕತಕ್ಕದ್ದಲ್ಲ. ಫಲಾಹಾರ ಮಾತ್ರ."

ಸೊಸೆ ಸೌಮ್ಯಶ್ರೀ ಕೇಳಿದಳು. "ಫಲಾಹಾರ ಅಂದ್ರೆ ಹಣ್ಣಾ ಅತ್ತೆ?"

"ನಲವತ್ತು ವರ್ಷದಿಂದ ಶನಿವಾರ ಒಪ್ಪತ್ತು ಮಾಡ್ತಿದೀನಿ ಕಣಮ್ಮ. ಒಂದು ದಿನವಾದ್ರೂ ಹಣ್ಣು ತಿಂದಿದ್ದು ನೋಡಿದೀಯಾ?"

ಇಲ್ಲವೆಂದಳು. ದಾಖಲಿಸಿಕೊಂಡೆ.

ಮೊದಲ ರಾತ್ರಿ ತುಪ್ಪದ ಉಪ್ಪಿಟ್ಟು. ಮಾರನೆಯ ದಿನ ಚಪಾತಿ, ನಾಲ್ಕು. ಅದರ ಮಾರನೆಯ ದಿನ ಮೊಸರವಲಕ್ಕಿ. ಯಾವುದಕ್ಕೂ ಈರುಳ್ಳಿ ಹಾಕಲಿಲ್ಲ, ವ್ರತದಲ್ಲಿ ಸಡಿಲಿಕೆ ಇಲ್ಲ. ಶ್ರಾವಣ ಶನಿವಾರಗಳಂದು ನಿಯಮವನ್ನು ಬಿಗಿಗೊಳಿಸಿ, ಮಧ್ಯಾಹ್ನದ ಅನ್ನವನ್ನೂ ನಿಲ್ಲಿಸಿ ಎರಡು ಹೊತ್ತೂ ಫಲಾಹಾರ ಮಾಡಿಸಿದೆ. "ಪಾಪ, ಉಪವಾಸ ಇದಾನೆ," ಎಂದು ಯಜಮಾನರು ತಮ್ಮ ಪಾಲಿನ ಸಜ್ಜಿಗೆಯನ್ನೂ ಅವನ ತಟ್ಟೆಗೆ ಹಾಕಿದರು.

ಆಗಸ್ಟ್ ಕೊನೆಗೆ ಪುಟ್ಟ ನಲವತ್ತನಾಲ್ಕು ಕೆ.ಜಿ. ಇದ್ದ. ಮೂರನೇ ಮೆಟ್ಟಿಲಿನಲ್ಲಿ ಕೂತವನು ಏಳಲಿಲ್ಲ. ಡಾಕ್ಟರನ್ನು ಮನೆಗೇ ಕರೆಸಿ ದಾಖಲೆ ಪುಸ್ತಕವನ್ನು ಮುಂದಿಟ್ಟೆ.

"ಮೇಡಂ, ಉಪ್ಪಿಟ್ಟು, ಸಜ್ಜಿಗೆ ಎಲ್ಲಾ ಇದೆಯಲ್ಲ ಇದ್ರಲ್ಲಿ?"

"ಅದು ಊಟಾನಾ ಡಾಕ್ಟ್ರೇ? ನಿಮ್ಮ ತಾಯೀನ ಕೇಳಿ ಬೇಕಾದ್ರೆ."

ಅವರು ಅಲ್ಲಿಂದಲೇ ತಾಯಿಗೆ ಫೋನು ಮಾಡಿದರು. ಬಹಳ ಹೊತ್ತು "ಹೂಂ ಅಮ್ಮ, ಹೂಂ," ಎಂದರು. ಫೋನಿಟ್ಟು, "ಊಟ ಅಲ್ವಂತೆ," ಎಂದು ಹೇಳಿ, ರಾತ್ರಿ ಊಟ ಸಂಪೂರ್ಣ ನಿಂತಿರುವುದಾಗಿ ಪುಸ್ತಕದಲ್ಲಿ ಬರೆದರು. ಕಾಲಿಗೆ ಬಲ ಬರುವವರೆಗೂ ಮೆಟ್ಟಿಲು ಹತ್ತಿಸಬಾರದೆಂದೂ ಸೇರಿಸಿದರು.

ಅಂದಿನಿಂದ ಯಜಮಾನರೇ ಪುಟ್ಟನನ್ನು ರಾತ್ರಿ ಹದಿನೆಂಟು ಮೆಟ್ಟಿಲು ಹೊತ್ತು ಹತ್ತಿಸಿ, ಬೆಳಿಗ್ಗೆ ಇಳಿಸುತ್ತಿದ್ದಾರೆ. ಮಧ್ಯೆ ಗೋಡೆ ಹಿಡಿದು ನಿಂತಾಗ, "ಉಪವಾಸದಲ್ಲಿ ಸೊರಗಿದಾನೆ ಕಣೇ, ಭಾರಾನೇ ಗೊತ್ತಾಗಲ್ಲ," ಎನ್ನುತ್ತಾರೆ.

ಮೊನ್ನೆ ಡಾಕ್ಟರ ಎದುರಿಗೇ ಎಲ್ಲರನ್ನೂ ತೂಗಲಾಯಿತು. ಪುಟ್ಟ ನಲವತ್ತೈದು. ಎಪ್ಪತ್ನಾಲ್ಕು ಇದ್ದ ಯಜಮಾನರು ಅರವತ್ತಾರು. ಇಳಿಯಬೇಕಾಗಿದ್ದ ಎಂಟು ಕೆ.ಜಿ. ಮನೆಯಲ್ಲಿ ಇಳಿದಿರುವುದಾಗಿ ಬರೆದು ಓದಿ ಹೇಳಿದೆ. ಯಾರದೂ ಆಕ್ಷೇಪಣೆ ಬರಲಿಲ್ಲ. ಡಾಕ್ಟರು ರುಜು ಹಾಕಿ, ಫಲಾಹಾರವನ್ನು ಇದೇ ರೀತಿ ಮುಂದುವರಿಸಲು ಸೂಚಿಸಿದರು.