ಎಡಗಿವಿ ಹರಿದ ತೋಳ

ಎಲ್ಲದಕ್ಕೂ ಮೂಲ ಒಂದು ತುಂಡು ಹಗ್ಗ. ಹೊಲಿದು ಮುಗಿಸಿದ ಕೋಟನ್ನು ತೂಗುಹಾಕಲು ಅಂಗಡಿಯಲ್ಲಿ ಹಗ್ಗ ಸಾಲದೆ, ದರ್ಜಿ ಹಿಂದಿನ ಸಂಜೆ ಹಿತ್ತಲ ಕೊಟ್ಟಿಗೆಯ ಬಾಗಿಲಿಗೆ ಕಟ್ಟಿದ್ದ ಹಗ್ಗವನ್ನೇ ಬಿಚ್ಚಿಕೊಂಡು ಹೋಗಿದ್ದ. ಬೆಳಗ್ಗೆ ನೋಡಿದರೆ ಬಾಗಿಲು ಹಾರುಹೊಡೆದಿತ್ತು, ಹೆಂಡತಿಯ ಮೇಕೆ ಒಳಗಿರಲಿಲ್ಲ. ಆ ಮೇಕೆಯೆಂದರೆ ಅವಳಿಗೆ ಪ್ರಾಣ. ಗಂಡ ಉಂಡನೋ ಬಿಟ್ಟನೋ, ಮೊದಲು ಅದರ ಮುಂದೆ ಸೊಪ್ಪು ಬೀಳಬೇಕು.

"ರೀ, ನನ್ನ ಮೇಕೆ ಎಲ್ರೀ?"

ಹಗ್ಗದ ವಿಷಯ ಬಾಯಿಬಿಟ್ಟರೆ ಇನ್ನು ಮುಂದೆ ಕೊಟ್ಟಿಗೆಯಲ್ಲಿ ಮಲಗುವವನು ತಾನೇ. ದರ್ಜಿಯ ಬುದ್ಧಿ ಏಳುವ ಮೊದಲೇ ನಾಲಿಗೆ ಎದ್ದುಬಿಟ್ಟಿತು.

"ತೋಳ ಕಣೇ. ತೋಳ ಎತ್ಕೊಂಡ್ಹೋಯ್ತು. ಕಣ್ಣಾರೆ ನೋಡ್ದೆ."

ಅವಳು ಗೋಳೋ ಎಂದು ಅತ್ತಳು. ಅಲ್ಲಿಗೇ ನಿಂತಿದ್ದರೆ, ಸಂಜೆಯೊಳಗೆ ಮೇಕೆಯನ್ನು ಹುಡುಕಿ ತಂದು, ತೋಳದ ಬಾಯಿಂದ ಬಿಡಿಸಿದೆ ಎಂದು ಮೀಸೆ ತಿರುವಬಹುದಿತ್ತು. ಆದರೆ ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟ್ರಿದ್ದರಲ್ಲ, ಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದುವ ಆಸಾಮಿ. ಅವರು ಗೋಡೆಯ ಮೇಲಿಂದ ಕತ್ತು ಚಾಚಿದರು.

"ಹೆದರ್ಬೇಡಪ್ಪ. ಸರ್ಕಾರದ ಹೊಸ ನೀತಿ ಬಂದಿದೆ. ಅರಣ್ಯ ಇಲಾಖೆಗೆ ಈಗ್ಲೇ ಫೋನ್ ಮಾಡ್ತೀನಿ."

"ಬೇಡಿ ಮೇಷ್ಟ್ರೇ. ಪಾಪ, ಅದಕ್ಕೂ ಹೊಟ್ಟೆ ಇಲ್ವಾ?"

"ನೀನು ಸುಮ್ನಿರು, ನಿಂಗೇನೂ ಗೊತ್ತಾಗಲ್ಲ," ಎಂದು ಮೇಷ್ಟ್ರು ಫೋನ್ ಮಾಡಿಯೂ ಬಿಟ್ಟರು. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಬೀದಿ ಅದು. ತಿಂಡಿಯ ಹೊತ್ತಿಗೆ ದರ್ಜಿ ತೋಳದ ಜೊತೆ ಕುಸ್ತಿ ಆಡಿದ್ದ, ಮಧ್ಯಾಹ್ನದ ಹೊತ್ತಿಗೆ ಗೆದ್ದೂ ಇದ್ದ.

ಇನ್ನು ಆ ನೀತಿಯ ಕತೆ ಕೇಳಿ. ಹಿಂದೊಂದು ಸರ್ಕಾರ ಕಂಡಕಂಡ ತೋಳವನ್ನೆಲ್ಲ ಕೊಲ್ಲಿಸಿತು. ತೋಳದ ಪರವಾದವರು ಬೀದಿಗಿಳಿದರು. ಮುಂದಿನ ಸರ್ಕಾರ ಒಂದನ್ನೂ ಮುಟ್ಟಕೂಡದು ಎಂದಿತು. ಕುರಿ ಸಾಕುವವರು ಬೀದಿಗಿಳಿದರು. ಈಗಿನ ಸರ್ಕಾರ ಇಬ್ಬರನ್ನೂ ಸಮಾಧಾನ ಮಾಡಿ, ಕೊಲ್ಲಬಹುದು, ಆದರೆ ತಪ್ಪು ಮಾಡಿದ ತೋಳವನ್ನು ಮಾತ್ರ ಎಂದು ಆಜ್ಞೆ ಹೊರಡಿಸಿತ್ತು.

ಊಟದ ಹೊತ್ತಿಗೆ ಸರ್ಕಾರಿ ಬೇಟೆಗಾರ ಕೋವಿ ಹೊತ್ತು ಬಂದ. ಒಣಕಲು ಮನುಷ್ಯ, ನಗು ಅವನ ಇಲಾಖೆಗೆ ಸೇರಿದ ವಿಷಯವಾಗಿರಲಿಲ್ಲ.

"ತೋಳ ನೋಡಿದ ಸಾಕ್ಷಿ ನೀವೇನಾ? ಒಂದು ಸಲ ರುಚಿ ಕಂಡದ್ದು ಸಂಜೆ ಮತ್ತೆ ಬರುತ್ತೆ. ನೀವು ನನ್ನ ಪಕ್ಕ ಕೂತು ಗುರುತು ಹಿಡೀಬೇಕು. ಇದೇ ಅಂದ್ರೆ ಹೊಡೀತೀನಿ. ನಿರಪರಾಧಿಗೆ ಗುಂಡು ಬಿದ್ರೆ ನನ್ನ ಕೆಲಸ ಹೋಗುತ್ತೆ."

"ನಾ... ನಾನು ಕೂರ್ಬೇಕಾ?"

"ಸುಳ್ಳು ದೂರಾಗಿದ್ರೆ ಈಗ್ಲೇ ಹೇಳಿ. ಅದಕ್ಕೆ ಜೈಲು. ಹ್ಞಾ, ಏನಾದ್ರೂ ಗುರುತಿತ್ತಾ?"

ದರ್ಜಿಗೆ ಒಂದು ಉಪಾಯ ಹೊಳೆಯಿತು. ಯಾವ ತೋಳಕ್ಕೂ ಇಲ್ಲದ ಗುರುತು ಹೇಳಿದರೆ ಯಾವ ತೋಳವೂ ಸಿಗುವುದಿಲ್ಲ, ತಾನೂ ಬಚಾವು. "ಎಡಗಿವಿ ಹರಿದಿತ್ತು ಸ್ವಾಮಿ. ಎರಡು ಹೊಲಿಗೆ ಹಾಕೋವಷ್ಟು."

ಸಂಜೆ ಇಬ್ಬರೂ ಹುಲ್ಲುಗಾವಲಿನ ಅಂಚಿನಲ್ಲಿ, ಸೊಪ್ಪು ಹೊದಿಸಿದ ಮರೆಯ ಹಿಂದೆ ಕೂತರು. ಎಲೆ ಅಲುಗಿದರೆ ದರ್ಜಿಯ ಹಲ್ಲು ಕಟಕಟ. "ಸ್ವಲ್ಪ ಹಲ್ಲು ಕಚ್ಕೊಳ್ಳಿ, ಪ್ರಾಣಿಗೆ ಕೇಳ್ಸುತ್ತೆ," ಎಂದ ಬೇಟೆಗಾರ. ಬೆಳಕು ಮಂಕಾಗುತ್ತ ಬಂದಂತೆ ಪ್ರತಿ ಪೊದೆಗೂ ಕಣ್ಣು ಮೂಡಿತು. ಜೀವವೊಂದು ಉಳಿದರೆ ಹೆಂಡತಿಯ ಕಾಲಿಗೆ ಬಿದ್ದು ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡ.

ಆಗ ಗಂಟೆಯ ಸದ್ದು ಕೇಳಿತು. ಟಿಣ್, ಟಿಣ್. ಪೊದೆ ಸರಿಸಿಕೊಂಡು ಹೊರಬಂದದ್ದು ಹೆಂಡತಿಯ ಮೇಕೆ. ನೆಟ್ಟಗೆ ಮರೆಯ ಹಿಂದಕ್ಕೇ ಬಂದು ದರ್ಜಿಯ ಕೊರಳಿನ ಅಳತೆ ಟೇಪನ್ನು ಮೆಲ್ಲತೊಡಗಿತು. ತೋಳ ಬಂದಿದ್ದರೂ ಅವನು ಇಷ್ಟು ಹೆದರುತ್ತಿರಲಿಲ್ಲವೇನೋ.

"ಯಾರದ್ರೀ ಇದು? ನಿಮ್ಮನ್ನ ಚೆನ್ನಾಗಿ ಬಲ್ಲ ಹಾಗಿದೆ."

"ಯಾರದೋ, ಗೊತ್ತಿಲ್ಲ ಸ್ವಾಮಿ. ಬಟ್ಟೆ ವಾಸನೆ ಅಲ್ವಾ, ದರ್ಜಿ ಅಂದ್ರೆ ಎಲ್ಲ ಮೇಕೆಗೂ ಪ್ರೀತಿ." ಅದರ ಬೆನ್ನಿಗೊಂದು ಏಟು ಕೊಟ್ಟು, "ಹೋಗು, ಮನೆಗೆ ಹೋಗು ತಾಯಿ," ಎಂದು ಪಿಸುಗುಟ್ಟಿ ಬಯಲಿಗೆ ತಳ್ಳಿದ.

ಮೇಕೆ ಬಯಲಿನ ನಡುವೆ ಹೋಗಿ ನಿಂತಿತು. ಅದರ ಹಿಂದಿನ ಹುಲ್ಲು ತೆಪ್ಪಗೆ ಎದ್ದುನಿಂತು ತೋಳವಾಯಿತು. ದರ್ಜಿ ಹುಟ್ಟಿದಂದಿನಿಂದ ತೋಳ ನೋಡಿದ್ದು ಅದೇ ಮೊದಲು.

"ಹೊಡೀರಿ ಸ್ವಾಮಿ, ಅದೇ, ಅದೇ ತೋಳ."

ಬೇಟೆಗಾರ ದುರ್ಬೀನು ಕಣ್ಣಿಗಿಟ್ಟು ನಿಧಾನವಾಗಿ ನೋಡಿದ. "ಎರಡು ಕಿವೀನೂ ನೆಟ್ಟಗಿದೆಯಲ್ರೀ."

"ವಾಸಿಯಾಗಿರ್ಬೇಕು."

"ಬೆಳಗ್ಗೆ ಹರಿದಿದ್ದು ಸಂಜೆಗಾ? ಇದು ನಮ್ಮ ತೋಳ ಅಲ್ಲ. ನಿರಪರಾಧಿ."

"ಅಯ್ಯೋ, ಮೇಕೆ ಮೇಲೆ ಬೀಳ್ತಾ ಇದೆ."

"ಅದು ಬೇರೆ ಕೇಸು. ಆ ಮೇಕೆಯವರು ನಾಳೆ ಬೇರೆ ದೂರು ಕೊಡ್ಲಿ."

ಬಿಸಿ ತುಪ್ಪ ಉಗುಳುವಂತಿಲ್ಲ, ನುಂಗುವಂತಿಲ್ಲ. ಮೇಕೆ ನನ್ನದು ಎಂದರೆ ಜೈಲು. ಎದ್ದು ಓಡಿಹೋಗಿ ಬಿಡಿಸೋಣವೆಂದರೆ ತೋಳದ ಭಯ. ಗಂಟೆ ಪೊದೆಯ ಕಡೆಗೆ ಟಿಣಟಿಣ ಎನ್ನುತ್ತ ದೂರವಾಯಿತು, ಆಮೇಲೆ ನಿಂತುಹೋಯಿತು. ಬೇಟೆಗಾರ ಕೋವಿ ಹೆಗಲಿಗೇರಿಸಿ, "ಹರಿದ ಕಿವಿ ಸಿಗೋವರೆಗೆ ದಿನಾ ಬರ್ಬೇಕು ನೀವು," ಎಂದು ಹೊರಟ.

ದರ್ಜಿ ಬಿದ್ದಂಬೀಳ ಮನೆಗೆ ಓಡಿದ. ದುಃಖ ಉಕ್ಕಿ ಬರುತ್ತಿತ್ತು. ಹಾಳು ಮೇಕೆ, ತನ್ನನ್ನೇ ನಂಬಿ ಬಂದಿತ್ತಲ್ಲ. ಇದ್ದದ್ದೊಂದೇ ಸಮಾಧಾನ, ಇನ್ನು ಹೆಂಡತಿಗೆ ಸುಳ್ಳು ಹೇಳಬೇಕಾಗಿಲ್ಲ.

ಬಾಗಿಲಲ್ಲಿ ಅವಳು ಹಗ್ಗ ಹಿಡಿದು ನಿಂತಿದ್ದಳು. "ಅಂಗಡೀಲಿ ಸಿಕ್ತು. ಕೋಟು ನೇತಾಡ್ತಿತ್ತು ಇದರಲ್ಲಿ."

"ಮೇಕೇನ ತೋಳ ತಿಂತು ಕಣೇ. ನಿನ್ನಾಣೆ, ಕಣ್ಣಾರೆ ನೋಡ್ದೆ." ಈ ಸಲ ಅವನ ಕಣ್ಣಲ್ಲಿ ನಿಜವಾದ ನೀರಿತ್ತು.

"ಬೆಳಗ್ಗೇನೂ ಇದನ್ನೇ ಹೇಳಿದ್ರಿ. ಈಗಷ್ಟೇ ಅದರ ಗಂಟೆ ಸದ್ದು ಕೇಳಿದೀನಿ, ಹುಲ್ಲುಗಾವಲ ಕಡೆಯಿಂದ. ತೋಳಾನೂ ಇಲ್ಲ, ಗೀಳಾನೂ ಇಲ್ಲ. ಹೋಗಿ ಕರ್ಕೊಂಡು ಬನ್ನಿ. ಅದಿಲ್ದೆ ಬಂದ್ರೆ ಬಾಗಿಲು ತೆಗೆಯಲ್ಲ." ಹಗ್ಗವನ್ನು ಅವನ ಕೈಗೆ ತುರುಕಿ ಬಾಗಿಲು ಹಾಕಿ ಅಗುಳಿ ಜಡಿದಳು.

ಕತ್ತಲಾಗುತ್ತಿತ್ತು. ಹುಲ್ಲುಗಾವಲಿನ ಕಡೆಯಿಂದ ಉದ್ದನೆಯ ಊಳು ಕೇಳಿಬಂತು. ದರ್ಜಿ ಹಗ್ಗ ಹಿಡಿದು ಬಾಗಿಲಿಗೇ ಅಂಟಿಕೊಂಡು ನಿಂತ. ಗೋಡೆಯ ಮೇಲೆ ಮೇಷ್ಟ್ರ ಕತ್ತು ಕಾಣಿಸಿತು.

"ಹೆದರ್ಬೇಡಪ್ಪ. ಇನ್ನೊಂದ್ಸಲ ಫೋನ್ ಮಾಡ್ಲಾ?"