ಕಾರ್ಡಿನೊಳಗಿನ ಕಡಲು

ಕಡಲನ್ನು ಪುಕ್ಕಟೆಯಾಗಿ ನೋಡಬಹುದು ಎಂಬ ಮಹಾಸತ್ಯ ಕನ್ನಡಕದ ಅಂಗಡಿಯವರಿಗೆ ಗೋಚರವಾದದ್ದು, ಹೆಂಡತಿಯ ಹಳೆಯ ಫೋನಿಗೆ ಹೊಸ ಬ್ಯಾಟರಿ ಹಾಕಿಸಲು ಹೋದ ಒಂದು ಮಧ್ಯಾಹ್ನ. ಹೊರಗೆ ಬಿಸಿಲು, ಫೋನಿನ ಅಂಗಡಿಯೊಳಗೆ ತಂಪು. ಗೋಡೆಯ ತುಂಬ ಒಂದೇ ಚಿತ್ರ: ನೀಲಿ ನೀರು, ಬಿಳಿ ಮರಳು, ಎರಡು ಮರಗಳ ನಡುವೆ ಕಟ್ಟಿದ ಬಲೆಯ ತೊಟ್ಟಿಲು, ಅದರಲ್ಲಿ ಮುಖದ ಮೇಲೆ ಟೋಪಿ ಕವುಚಿಕೊಂಡು ಮಲಗಿದ ಒಬ್ಬ ಭಾಗ್ಯವಂತ. ಅಂಗಡಿಯವರು ಆ ಭಾಗ್ಯವಂತನ ಪಾದಗಳನ್ನೇ ನೋಡುತ್ತ ನಿಂತರು. ಹೆಬ್ಬೆರಳು ಥೇಟ್ ತಮ್ಮದೇ!

"ಅದು ನಮ್ಮ ಕಾರ್ಡಿನ ಜಾಹೀರಾತು ಸಾರ್," ಎಂದ ಟೈ ಕಟ್ಟಿದವನೊಬ್ಬ, ಸದ್ದಿಲ್ಲದೆ ಪಕ್ಕಕ್ಕೆ ಬಂದು. "ಫೋನ್ ಕಂಪನಿಯದೇ ಕ್ರೆಡಿಟ್ ಕಾರ್ಡು. ನೀವು ಖರ್ಚು ಮಾಡ್ತಾ ಹೋಗಿ, ಪಾಯಿಂಟು ತಾನಾಗಿ ಬೀಳ್ತಾ ಹೋಗುತ್ತೆ. ಸಾಕಷ್ಟು ಬಿದ್ಮೇಲೆ ಅಲ್ಲಿಗೆ ಹೋಗಿ ಮಲ್ಕೊಳ್ಳಿ."

"ಮಲಗೋದಕ್ಕೆ ಬೇರೆ ಚಾರ್ಜು?"

"ಛೆ ಛೆ, ಎಲ್ಲ ಸೇರಿ ಸಾರ್."

ಅಂಗಡಿಯವರು ಒಂದು ಬಣ್ಣದ ಕಾಗದ ಮಡಚಿ ಜೇಬಿಗಿಟ್ಟುಕೊಂಡು ತೇಲುತ್ತ ಮನೆಗೆ ಬಂದರು. (ಬ್ಯಾಟರಿ ಹಾಕಿಸುವುದು ಮರೆತೇ ಹೋಗಿತ್ತು. ಅದನ್ನು ಹೆಂಡತಿಗೆ ಹೇಳುವ ಕಷ್ಟ ಅವರಿಗೆ ಬೀಳಲಿಲ್ಲ. ಫೋನು ಸಂಜೆಯ ಹೊತ್ತಿಗೆ ತಾನೇ ಪ್ರಾಣ ಬಿಟ್ಟು ವಿಷಯ ತಿಳಿಸಿತು.)

ಅವರ ಕಸುಬು ಊರಿನವರಿಗೆಲ್ಲ ಲೋಕವನ್ನು ಸ್ಪಷ್ಟವಾಗಿ ತೋರಿಸುವುದು. ತಮಗೆ ಮಾತ್ರ ಅದು ಸ್ವಲ್ಪ ಮಸುಕಾಗಿದ್ದರೇ ಇಷ್ಟ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೇಜಿನ ಮೇಲಿನ ಗಾಜುಗಳಿಗೆ ಬಿಸಿಲು ಬಿದ್ದು, ಎದುರು ಗೋಡೆಯ ಮೇಲೆ ಬೆಳಕಿನ ಚುಕ್ಕೆಗಳು ಮೀನಿನಂತೆ ಈಜಾಡುವುದನ್ನು ನೋಡುತ್ತ ಕೂತರೆ, ಬಂದ ಗಿರಾಕಿ ಎರಡು ಸಲ ಕೆಮ್ಮಬೇಕು. ಅವರ ಹೆಂಡತಿ ಶಾಲೆಯಲ್ಲಿ ಭೂಗೋಳದ ಟೀಚರ್. ಸಾಗರಗಳ ಆಳ, ಉಪ್ಪು, ಪ್ರವಾಹ ಎಲ್ಲವನ್ನೂ ನಕ್ಷೆಗೆ ಕಡ್ಡಿ ಚುಚ್ಚಿ ಚುಚ್ಚಿ ಕಲಿಸಿದವರು. ಸ್ವತಃ ಒಂದು ಅಲೆಯನ್ನೂ ಕಂಡವರಲ್ಲ. ಮನೆಯಲ್ಲಿ ಇನ್ನೊಬ್ಬರೆಂದರೆ ಅಂಗಡಿಯವರ ತಾಯಿ. ಅವರಿಗೆ ಕಣ್ಣು ಮಂದ, ಕಿವಿ ಬಹಳ ಚುರುಕು.

ಅಂದು ಸಂಜೆ ಅಡುಗೆಮನೆಯ ಮೇಜಿನ ಸುತ್ತ ಶೃಂಗಸಭೆ ಸೇರಿತು.

"ಲಾಭ ಏನು, ನಷ್ಟ ಏನು, ಎರಡೂ ಹೇಳಿ. ಬರೀ ಒಂದು ಹೇಳಿ ಕೂರ್ಬೇಡಿ," ಎಂದರು ಟೀಚರ್, ತರಕಾರಿ ಹೆಚ್ಚುತ್ತ.

"ಲಾಭ ಅಂದ್ರೆ, ಖರ್ಚು ಮಾಡಿದ್ರೆ ಪಾಯಿಂಟು ಬರುತ್ತೆ."

"ಮಾಡದಿದ್ರೆ?"

"ಬರಲ್ಲ."

"ಮಾಡದಿದ್ರೆ ದುಡ್ಡೇ ಉಳಿಯುತ್ತಲ್ರೀ!"

"ದುಡ್ಡು ಯಾರ ಹತ್ರ ಬೇಕಾದ್ರೂ ಇರುತ್ತೆ ಕಣೇ. ಪಾಯಿಂಟು ಇರುತ್ತಾ?"

"ನಿಮ್ಮ ಮಾತಲ್ಲೂ ಇಲ್ಲ."

ಗುಂಡಿ ಹೊಲಿಯುತ್ತಿದ್ದ ತಾಯಿ ಸೂಜಿ ನಿಲ್ಲಿಸಿದರು. "ಅಲ್ವೋ ಮಗಾ, ಯಾವುದೋ ಕಂಪನಿ ಸುಮ್‌ಸುಮ್ನೆ ಸಮುದ್ರಕ್ಕೆ ಕಳಿಸೋಕೆ ನೀನೇನು ಅವರ ಅಳಿಯನೇನೋ?"

"ನಿಮಗೆ ಇಬ್ಬರಿಗೂ ದೂರದೃಷ್ಟಿ ಇಲ್ಲ," ಎಂದು ಅಂಗಡಿಯವರು ನಿಟ್ಟುಸಿರಿಟ್ಟರು.

"ದೂರದೃಷ್ಟಿ ಅಂದ್ರೆ ಹತ್ತಿರದ್ದು ಕಾಣದ ದೋಷ ಅಂತ ಗಿರಾಕಿಗಳಿಗೆ ನೀವೇ ಹೇಳ್ತೀರಲ್ಲ," ಎಂದು ಟೀಚರ್ ಕೈ ಒರೆಸಿಕೊಂಡು ಬಣ್ಣದ ಕಾಗದವನ್ನು ಎಳೆದುಕೊಂಡರು. ಹಿಂಬದಿಯ ಇರುವೆಯಂಥ ಅಕ್ಷರಗಳನ್ನು ಗಂಡನ ಭೂತಗನ್ನಡಿ ಹಿಡಿದು ಓದಿದರು. ಬಿಲ್ಲು ಒಂದು ದಿನ ತಡವಾದರೂ ಬಡ್ಡಿ; ಆ ಬಡ್ಡಿಯ ದರ ಕಂಡು ಅವರ ಕನ್ನಡಕ ತಾನಾಗಿ ಮೂಗಿನ ತುದಿಗೆ ಜಾರಿತು. ವರ್ಷದೊಳಗೆ ಬಳಸದಿದ್ದರೆ ಪಾಯಿಂಟು ಕೊಳೆತು ಹೋಗುತ್ತದೆ. ಸೋಪು, ದಿನಸಿಗೆ ಸಿಗುವುದು ಚಿಟಿಕೆಯಷ್ಟು. ಅದೇ ಕಂಪನಿಯ ಯಂತ್ರಗಳನ್ನು ಕೊಂಡರೆ ಮೂರುಪಟ್ಟು.

"ಅಂದ್ರೆ ಅವರ ಸಾಮಾನು ಖಾಲಿ ಮಾಡೋ ಕೆಲಸಕ್ಕೆ ನಮ್ಮನ್ನ ಸೇರಿಸ್ಕೋತಾರೆ. ಸಂಬಳ ಮಾತ್ರ ನೀಲಿ ನೀರು!"

ಅಂಗಡಿಯವರು ಸೋಲೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಕಾಗದವನ್ನು ಮಗುಚಿದರು. ಚಿತ್ರ ಮೇಲೆ ಬಂತು. ಅವರ ಒದ್ದೆ ಬೆರಳು ದಡದ ಗೆರೆಯ ಗುಂಟ ನಿಧಾನವಾಗಿ ನಡೆಯಿತು.

"ದಡದ ಹತ್ರ ನೀರು ಇಷ್ಟು ತಿಳಿ ಇದೆಯಲ್ಲ... ಕೆಳಗೆ ಹವಳ ಇರ್ಬೇಕು," ಎಂದರು, ಯಾರಿಗೂ ಅಲ್ಲದಂತೆ.

ಒಲೆಯ ಮೇಲಿನದು ತಳ ಹಿಡಿಯತೊಡಗಿದ ವಾಸನೆ ಬಂತು. ಆ ಮನೆಯಲ್ಲಿ ಅದು ಹಿಂದೆಂದೂ ನಡೆಯದ ಸಂಗತಿ.

"ಬಿಲ್ಲು ಪೂರ್ತಿ ಅಂಗಡಿ ದುಡ್ಡಲ್ಲಿ ನಾನೇ ಕಟ್ತೀನಿ," ಎಂದು ಅಂಗಡಿಯವರು ಕಬ್ಬಿಣ ಕಾದಿರುವಾಗಲೇ ಬಡಿದರು. "ನಿನಗೆ ಒಂದು ಕಾಸಿನ ಯೋಚನೆಯೂ ಬೇಡ."

"ಮಾತು ಕೊಟ್ರಾ?"

"ಕೊಟ್ಟೆ."

"ನಾನು ಕೇಳಿಸ್ಕೊಂಡೆ," ಎಂದರು ತಾಯಿ.

ಆದರೆ ಕಂಪನಿಯ ಕಂಪ್ಯೂಟರಿಗೆ ಕನ್ನಡಕದ ಅಂಗಡಿ ಹಿಡಿಸಲಿಲ್ಲ. ಒಂದು ತಿಂಗಳು ಇದ್ದು ಇನ್ನೊಂದು ತಿಂಗಳು ಇಲ್ಲದ ಆದಾಯ ಅದಕ್ಕೆ ಆಗಿಬರುವುದಿಲ್ಲವಂತೆ. ಟೈ ಕಟ್ಟಿದವನೇ ದಾರಿ ತೋರಿಸಿದ: ಕಾರ್ಡು ಸಂಬಳದವರಾದ ಟೀಚರ್ ಹೆಸರಿಗೆ, ಅದಕ್ಕೊಂದು ಮರಿಕಾರ್ಡು ಅಂಗಡಿಯವರಿಗೆ. "ಹೆಸರು ಯಾರದಾದ್ರೇನು, ಕಡಲು ಇಬ್ಬರದೂ ತಾನೇ," ಎಂದು ಅಂಗಡಿಯವರು ಉದಾರವಾಗಿ ನಕ್ಕು ಹೆಂಡತಿಯ ಕೈಗೆ ಪೆನ್ನು ಕೊಟ್ಟರು.

ಬಂದ ಕಾರ್ಡು ಬಿಳಿಯ ಲೋಹದ್ದು. ಅದರ ಮೇಲೆ ಅಂಕಿಯಿಲ್ಲ, ಅಕ್ಷರವಿಲ್ಲ. ಮೇಜಿನ ಮೇಲೆ ಬಿದ್ದರೆ ವೀಣೆಯ ತಂತಿ ಮೀಟಿದಂಥ ನಾದ. ಏನಾದರೂ ಕೊಂಡೊಡನೆ ಅಂಗಡಿಯವರ ಫೋನಿನೊಳಗೆ ಒಂದು ನೀಲಿ ಗುಳ್ಳೆ ಕೆಳಗಿನಿಂದೆದ್ದು, ತೂರಾಡುತ್ತ, ಮೇಲಿನ ದ್ವೀಪಕ್ಕೆ ತಗುಲಿ ಒಡೆಯುತ್ತಿತ್ತು. ಆ ಗುಳ್ಳೆಯ ಮೋಹಕ್ಕೆ ಅಂಗಡಿಯವರು ಪೂರ್ತಿ ಶರಣಾದರು. ಕ್ಷೌರದವನ ಕರೆಂಟ್ ಬಿಲ್ಲು ತಾವೇ ಕಟ್ಟಿ ಅವನಿಂದ ನಗದು ಪಡೆದರು. ಪಕ್ಕದ ದರ್ಜಿಯ ಹೊಸ ಇಸ್ತ್ರಿಪೆಟ್ಟಿಗೆಗೂ ಅದೇ ವ್ಯವಸ್ಥೆ. ಬೀದಿಯಲ್ಲಿ ಯಾರಾದರೂ ಪರ್ಸಿಗೆ ಕೈ ಹಾಕಿದರೆ ಸಾಕು, "ತಾಳಿ ತಾಳಿ, ನಾನು ಕೊಡ್ತೀನಿ!" ಎಂದು ಎಲ್ಲಿಂದಲೋ ಓಡಿಬರುತ್ತಿದ್ದರು. ದಾನಶೂರನೆಂದು ಹೆಸರಾಯಿತು. (ನಗದು ಹಿಂದಕ್ಕೆ ಕೇಳುವಾಗ ಆ ಹೆಸರು ಸ್ವಲ್ಪ ಮಾಸುತ್ತಿತ್ತು.)

ಆಮೇಲೆ ಮೂರುಪಟ್ಟಿನ ಯಂತ್ರಗಳು ಬಂದವು. ಮೊದಲನೆಯದು ತಾನೇ ಓಡಾಡಿ ಗುಡಿಸುವ ಒಂದು ದುಂಡು ಪ್ರಾಣಿ. ಅದಕ್ಕೆ ಕಸಕ್ಕಿಂತ ತಾಯಿಯ ಕಾಲು ಇಷ್ಟ. ಅವರು ಕೋಣೆಯಿಂದ ಕೋಣೆಗೆ ಹೋದರೆ ಇದೂ ಹಿಂದೆಯೇ ಹೊರಡುತ್ತಿತ್ತು. ಅವರು ಮಂಚ ಹತ್ತಿ ಕೂತರೆ ಕೆಳಗೆ ಕಾಯುತ್ತಿತ್ತು. ಆಮೇಲೆ, ಹೇಳಿದ ಮಾತಿಗೆ ಉರಿಯುವ ದೀಪ. ಅದು ಟೀಚರ್ ದನಿಗೆ ಮಾತ್ರ ಬಗ್ಗುತ್ತಿತ್ತು. ಅಂಗಡಿಯವರು "ಆರು" ಎಂದರೆ ಇನ್ನಷ್ಟು ಪ್ರಕಾಶಿಸುತ್ತಿತ್ತು. "ಅದಕ್ಕೂ ಗೊತ್ತಾಗಿದೆ ಮನೇಲಿ ಯಾರ ಮಾತು ನಡೆಯುತ್ತೆ ಅಂತ," ಎಂದರು ತಾಯಿ ಮಂಚದ ಮೇಲಿಂದ. ಕೊನೆಗೆ ಬಂದ ತೂಕದ ಯಂತ್ರ, ಹತ್ತಿದವರ ತೂಕವನ್ನು ಮೂರು ಮನೆಗೆ ಕೇಳುವಂತೆ ಘೋಷಿಸಿ "ಧೈರ್ಯಗೆಡಬೇಡಿ" ಎಂದು ಸಾಂತ್ವನ ಹೇಳುತ್ತಿತ್ತು.

"ಇನ್ನು ಒಂದೇ ಒಂದು ಯಂತ್ರ ಬಂದ್ರೂ, ಅದು ಇರ್ಬೇಕು ಇಲ್ಲ ನಾನು," ಎಂದರು ಟೀಚರ್.

"ಸ್ವಲ್ಪ ತಡ್ಕೋ. ದ್ವೀಪ ಹತ್ತಿರ ಬರ್ತಾ ಇದೆ."

ಬಂದೇಬಿಟ್ಟಿತು. ಒಂದು ಮಧ್ಯಾಹ್ನ, ಗೋಡೆಯ ಮೇಲೆ ಬೆಳಕಿನ ಮೀನುಗಳು ಆಡುತ್ತಿದ್ದಾಗ, ಫೋನಿನಲ್ಲಿ ಕೊನೆಯ ಗುಳ್ಳೆ ಒಡೆದು, ಬಣ್ಣದ ಕಾಗದದ ಚೂರುಗಳು ಉದುರಿದವು. ಕಾರ್ಡುದಾರರು ಮತ್ತು ಒಬ್ಬ ಸಂಗಾತಿ, ಪರದೇಶದ ದ್ವೀಪದಲ್ಲಿ ಆರು ದಿನ, ಹೋಗಿಬರುವ ವಿಮಾನ ಸಮೇತ! ಅಂಗಡಿಯವರು ಬಾಗಿಲಿಗೆ ಬೀಗ ಹಾಕಿ, ದಾರಿಯಲ್ಲಿ ಒಂದು ಅಗಲ ಅಂಚಿನ ಟೋಪಿ ಕೊಂಡು, ಅದನ್ನು ಹಾಕಿಕೊಂಡೇ ಮನೆಗೆ ಬಂದರು.

ಟೀಚರ್ ಪರದೆಯನ್ನು ಓದಿದರು. ಎರಡನೇ ಸಲ ಓದಿದರು. ಮುಖ ಕೆಂಪಗಾಯಿತು, ಅದು ಕೋಪವಲ್ಲವೆಂದು ತಿಳಿಯಲು ಅಂಗಡಿಯವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ನಿಜವಾಗ್ಲೂ ಹೋಗ್ತೀವೇನ್ರೀ?"

"ನಿಜವಾಗ್ಲೂ."

"ಹೋಗಿ, ಹೋಗಿಬನ್ನಿ," ಎಂದು ಮಂಚದ ಮೇಲಿಂದ ದನಿ ಬಂತು. "ನನ್ನ ಯೋಚನೆ ಯಾಕೆ? ನಾನಿಲ್ಲೇ ಇರ್ತೀನಿ, ಈ ಪಿಶಾಚಿಗಳ ಜೊತೆ. ಇದು ಕಾಲು ಕಚ್ಚುತ್ತೆ, ಅದು ನನ್ನ ಮಾತು ಕೇಳಲ್ಲ, ಕತ್ತಲಲ್ಲಿ ಎಡವಿದ್ರೆ ಆ ಇನ್ನೊಂದು ನನ್ನ ತೂಕ ಊರಿಗೆಲ್ಲ ಸಾರುತ್ತೆ. ಸುಖವಾಗಿ ಹೋಗಿಬನ್ನಿ."

ಅಂಗಡಿಯವರು ಹೆಂಡತಿಯ ಮುಖ ನೋಡಿದರು. ಹೆಂಡತಿ ಅತ್ತೆಯ ಮುಖ ನೋಡಿದರು. ಗುಡಿಸುವ ಪ್ರಾಣಿ ಮಂಚದ ಕಾಲಿಗೆ ಮೆಲ್ಲಗೆ ಡಿಕ್ಕಿ ಹೊಡೆಯಿತು.

"ಕಾರ್ಡುದಾರರು ಹೋಗ್ಲೇಬೇಕಂತೆ," ಎಂದರು ಟೀಚರ್ ನಿಧಾನವಾಗಿ. "ಸಂಗಾತಿ ಯಾರಾದ್ರೂ ಆಗ್ಬಹುದಂತೆ."

"ನಾನು ತಾನೇ ಇಷ್ಟು ದಿನ..." ಎಂದು ಅಂಗಡಿಯವರು ಶುರುಮಾಡಿದರು.

"ಅಮ್ಮನ್ನ ಇವುಗಳ ಜೊತೆ ಬಿಟ್ಟು ನಿಮಗೆ ಅಲ್ಲಿ ನಿದ್ದೆ ಬರುತ್ತೇನ್ರೀ?"

ಖಂಡಿತ ಬರುತ್ತಿತ್ತು. ಹಾಗೆಂದು ಹೇಳುವಂತಿರಲಿಲ್ಲ. ತಾಯಿ ಆಗಲೇ ಮಂಚದಿಂದ ಇಳಿದು ಪೆಟ್ಟಿಗೆ ಹುಡುಕುತ್ತಿದ್ದರು. "ಆ ಟೋಪಿ ಇಲ್ಲಿ ಕೊಡೋ ಮಗಾ, ಅಲ್ಲಿ ಬಿಸಿಲಿರುತ್ತೆ."

ಅತ್ತೆ ಸೊಸೆ ಹೊರಟುಹೋದರು. ಅಂಗಡಿಯವರು ದೀಪ ಆರದ ಮನೆಯಲ್ಲಿ ಮುಖದ ಮೇಲೆ ಟವೆಲು ಹಾಕಿಕೊಂಡು ಮಲಗಿದರು, ಬೆಳಿಗ್ಗೆ ಒಣ ಬ್ರೆಡ್ಡು ತಿಂದು ಅಂಗಡಿಗೆ ಬಂದು ಕೂತರು. ಗೋಡೆಯ ಮೇಲೆ ಮೀನುಗಳು ಈಜುತ್ತಲೇ ಇದ್ದವು, ನೋಡುವ ಮನಸ್ಸಿರಲಿಲ್ಲ.

ಹೊರಡುವ ಮುನ್ನ ಹೊಸ ಬ್ಯಾಟರಿ ಹಾಕಿಸಿಕೊಂಡು ಹೋಗಿದ್ದ ತಮ್ಮ ಹಳೆಯ ಫೋನಿನಿಂದ ಟೀಚರ್ ಕರೆ ಮಾಡಿದಾಗ ಅಂಗಡಿಯವರು ಒಬ್ಬ ವಕೀಲರ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ ನೋಡುತ್ತಿದ್ದರು.

"ಹೇಗಿದೆಯೇ?"

ಟೀಚರ್ ಏನೋ ಹೇಳಹೊರಟು, ನಿಲ್ಲಿಸಿ, ಮತ್ತೆ ಶುರುಮಾಡಿದರು. ಮದುವೆಯಾದಂದಿನಿಂದ ಹೆಂಡತಿ ಉತ್ತರಕ್ಕೆ ತಡವರಿಸಿದ್ದನ್ನು ಅವರು ಕೇಳಿಯೇ ಇರಲಿಲ್ಲ.

"ನಾನು ಮಕ್ಕಳಿಗೆ ಪಾಠ ತಪ್ಪು ಮಾಡಿದ್ದೀನಿ ಕಣ್ರೀ," ಎಂದಿತು ಕೊನೆಗೆ ಒಂದು ಸಣ್ಣ ದನಿ. "ಎಲ್ಲ ಹೇಳಿದ್ದೆ. ಇದು ಸುಮ್ಮನಿರಲ್ಲ ಅಂತ ಹೇಳಿರ್ಲಿಲ್ಲ. ಉಸಿರಾಡ್ತಾನೇ ಇರುತ್ತೆ. ನಿಲ್ಲೋದೇ ಇಲ್ಲ."

ಅಂಗಡಿಯವರ ಹೊಟ್ಟೆಕಿಚ್ಚೆಲ್ಲ ಎಲ್ಲೋ ಇಳಿದುಹೋಯಿತು. "ನೋಡು, ಚೆನ್ನಾಗಿ ನೋಡು. ಅಮ್ಮ?"

"ತೊಟ್ಟಿಲಲ್ಲಿ ಮಲಗಿದ್ದಾರೆ. ಮುಖದ ಮೇಲೆ ಟೋಪಿ. ಎದ್ದೇಳಿ ಅಂದ್ರೆ ಕೇಳ್ತಾ ಇಲ್ಲ. ಅದಕ್ಕೇ ಇನ್ನೊಂದು ವಾರ ಇರೋಣ ಅಂತ. ಪಾಯಿಂಟು ಮುಗೀತು, ಪರವಾಗಿಲ್ಲ, ಕಾರ್ಡಿದೆಯಲ್ಲ. ಇಲ್ಲಿ ಏನು ಖರ್ಚು ಮಾಡಿದ್ರೂ ಐದುಪಟ್ಟು ಪಾಯಿಂಟಂತೆ ಕಣ್ರೀ! ನೀವು ಹೇಳಿದಾಗ ನನಗೆ ಅರ್ಥಾನೇ ಆಗಿರ್ಲಿಲ್ಲ!"

ಅಂಗಡಿಯವರ ಕೈಯಿಂದ ಗಾಜು ಜಾರಿ ವಕೀಲರ ತೊಡೆಯ ಮೇಲೆ ಬಿತ್ತು. "ಅಲ್ಲ ಕಣೇ... ಸ್ವಲ್ಪ ತಾಳು... ಲಾಭ ಏನು ನಷ್ಟ ಏನು ಅಂತ ಒಂದ್ಸಲ ಕೂತು..."

"ಎಲ್ಲ ನೋಡಿದ್ದೀನಿ. ಲಾಭ ಪೂರ್ತಿ ಇಲ್ಲಿದೆ. ನಷ್ಟ ಅಲ್ಲಿರುತ್ತೆ, ನೀವು ನೋಡ್ಕೊಳ್ಳಿ. ಮಾತು ಕೊಟ್ಟಿದ್ದೀರಲ್ಲ."

ಅಷ್ಟು ಹೇಳಿ ಅವರು ನೀರಿನ ಕಡೆಗೆ ನಡೆದಿರಬೇಕು. ಫೋನನ್ನು ಮರಳ ಮೇಲೆಯೇ ಬಿಟ್ಟಿದ್ದರು, ಕರೆ ಕತ್ತರಿಸಿರಲಿಲ್ಲ. ದೂರದಲ್ಲಿ ಏನೋ ದೊಡ್ಡದು ಹೊರಳಿತು, ಹಿಂದೆ ಸರಿಯಿತು, ಮತ್ತೆ ಹೊರಳಿತು. ವಕೀಲರು ಒಂದು ಸಲ ಕೆಮ್ಮಿದರು, ಎರಡು ಸಲ ಕೆಮ್ಮಿದರು. ಅಂಗಡಿಯವರು ಕಣ್ಣು ಮುಚ್ಚಿ, ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಲೇ ನಿಂತರು. ಆ ಪರದೇಶದ ಕರೆಯ ಶುಲ್ಕ ನಿಮಿಷ ನಿಮಿಷಕ್ಕೂ ಅದೇ ಕಾರ್ಡಿಗೆ ಏರುತ್ತಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.