ಕಲ್ಲುಬೆಂಚಿನಲ್ಲೊಂದು ಜಾಗ

ನಿವೃತ್ತಿಯ ಬಗ್ಗೆ ಬುದ್ಧಿ ಹೇಳುವವರೆಲ್ಲ ಪಿಂಚಣಿ, ವಿಮೆ, ಪಿಎಫ್ ಎಂದು ತಲೆ ಕೊರೆಯುತ್ತಾರೆಯೇ ಹೊರತು, ನಿವೃತ್ತನಾದವನು ಹಗಲು ಹೊತ್ತು ಎಲ್ಲಿ ಕೂರಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ನನಗೆ ಈ ಜ್ಞಾನೋದಯವಾದದ್ದು ನಿವೃತ್ತಿಗೆ ಇನ್ನೆರಡೇ ವರ್ಷ ಉಳಿದಿದೆ ಎನ್ನುವಾಗ, ಹೆಂಡತಿ ಜಯಮ್ಮನ ಕೃಪೆಯಿಂದ. "ರಿಟೈರ್ ಆಗಿ, ಬ್ಯಾಡ ಅನ್ನಕಿಲ್ಲ. ಆದ್ರೆ ಹತ್ತರಿಂದ ಐದರಗಂಟ ಮನೇಲಿ ಕಾಣಿಸ್ಕೊಬ್ಯಾಡಿ. ಮೂವತ್ತು ವರ್ಸದಿಂದ ಆ ಹೊತ್ತು ನಂದು" ಎಂದುಬಿಟ್ಟಳು. ಅವಳ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ರಾಮನಗರದ ನಮ್ಮ ಬೀದಿಯ ಕೊನೆಗೆ, ಹೊಂಗೆ ಮರದ ಕೆಳಗೆ ಒಂದು ಕಲ್ಲುಬೆಂಚಿದೆ. ಅಲ್ಲಿ ದಿನವೂ ಕೂರುವ ನಿವೃತ್ತರು ನಾಲ್ವರು, ಇರುವ ಜಾಗ ನಾಲ್ಕೇ. ಅವರಲ್ಲಿ ಹಿರಿಯರು ರಹಮತ್ ಸಾಬರು, ರೇಷ್ಮೆ ನೂಲು ತೆಗೆಯುವ ಕೆಲಸವನ್ನು ಮಗನಿಗೆ ಒಪ್ಪಿಸಿ ಬಂದು ಕೂತವರು. ಈಗಿನಿಂದಲೇ ಒಂದು ಸೀಟು ಹಿಡಿದಿಡೋಣವೆಂದು ಹೊರಟೆ ನೋಡಿ. ವಾರವೆಲ್ಲ ಕೆಲಸಕ್ಕೆಂದು ಬಿಡದಿಗೆ ಹೋಗುವವನು ಭಾನುವಾರವೂ ಹೋಗಿ, ಇವರಿಗಾಗಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದೆ. ಇಡ್ಲಿ ತಿಂದರು, ಜರುಗಲಿಲ್ಲ. ಒಂದು ದಿನ ತಡೆಯಲಾರದೆ ಎಲ್ಲರ ಬಿಪಿ, ಶುಗರ್ ವಿಚಾರಿಸಿದೆ. ಸಾಬರು ಕೈ ಒರೆಸಿಕೊಳ್ಳುತ್ತ, "ನಾವು ನಾಲ್ಕ್ ಜನಾನೂ ಗಟ್ಟಿಯಾಗಿದೀವಿ ಕಣಪ್ಪ. ನೀನು ಒಸಿ ನಿಂತ್ಕೊಳ್ಳೋದು ಅಭ್ಯಾಸ ಮಾಡ್ಕೊ" ಎಂದರು. ನಾಚಿಕೆಯಾಗಿ ಎರಡು ವಾರ ಆ ಕಡೆ ತಲೆ ಹಾಕಲಿಲ್ಲ.

ಮೂರನೆಯ ಭಾನುವಾರ ಹೋದರೆ ಒಂದು ಜಾಗ ಖಾಲಿ. ಯಾರಿಗೆ ಏನಾಯಿತೋ ಎಂದು ಗಾಬರಿಯಾಯಿತು. ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಯೂ ಆಯಿತು. ಬಸ್ ಕಂಡಕ್ಟರಾಗಿ ನಿವೃತ್ತನಾಗಿದ್ದ ಚಿಕ್ಕಣ್ಣ ಅಲ್ಲಿರಲಿಲ್ಲ. ದನಿ ತಗ್ಗಿಸಿ ಅವನ ವಿಚಾರ ಕೇಳಿದೆ.

"ಕೆಲಸಕ್ಕೆ ಸೇರ್ಬುಟ್ಟ. ಹಾರೋಹಳ್ಳೀಲಿ ಯಾವ್ದೋ ಫ್ಯಾಕ್ಟ್ರಿ ಗೇಟ್ ಕಾಯಕ್ಕೆ. ಕೂತು ಕೂತು ಬ್ಯಾಸರ ಆಯ್ತಂತೆ. ಬಾ, ಕೂತ್ಕೊ" ಎಂದರು ಸಾಬರು.

ಕೂತೆ. ಇನ್ನು ನನ್ನ ಮುಪ್ಪಿಗೆ ಚಿಂತೆಯಿಲ್ಲ ಎನಿಸಿತು. ಹತ್ತೂವರೆಯೊಳಗೆ ಮಾತೆಲ್ಲ ಮುಗಿಯಿತು. ಹನ್ನೊಂದಕ್ಕೆ ಸೊಂಟ ಹಿಡಿಯಿತು. ಹನ್ನೊಂದೂಕಾಲಕ್ಕೆ ಏನೋ ನೆಪ ಹೇಳಿ ಎದ್ದು, ಮರದ ಹಿಂದೆ ನಿಂತು ಚಿಕ್ಕಣ್ಣನಿಗೆ ಫೋನ್ ಮಾಡಿದೆ. "ಅಣ್ಣ, ಆ ಗೇಟಿಗೆ ಇನ್ನೊಬ್ರು ಬೇಕಾಯ್ತಾರಾ? ರಿಟೈರ್ ಆದ ತಕ್ಸಣ ಬತ್ತೀನಿ."

"ನೀನು ಸರದೀಲಿ ನಿಂತ್ಕೊಬೇಕು ಕಣಪ್ಪ" ಎಂದ ಚಿಕ್ಕಣ್ಣ. "ಬೆಂಚ್ ಮ್ಯಾಲಿರೋ ಆ ಮೂರೂ ಜನ ಆಗ್ಲೇ ಫೋನ್ ಮಾಡವ್ರೆ."

ಮರದ ಹಿಂದಿನಿಂದ ಇಣುಕಿದೆ. ಮೂವರೂ ಮೂರು ದಿಕ್ಕು ನೋಡುತ್ತ ಕೂತಿದ್ದರು. ನಾನು ಹೋಗಿ ನಾಲ್ಕನೆಯ ದಿಕ್ಕು ನೋಡುತ್ತ ಕೂತೆ.